ಸತ್ತ ಡಿಸ್ಕ್‌ಗಿಂತ ನರಳುವ ಡಿಸ್ಕೇ ಕಾಟ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ. ಕೇಳುವವರು ಬೇರೆ, ಸರ್ವರ್ ಬೇರೆ, ಗೋಳು ಮಾತ್ರ ಅದೇ. ಹಾಗಾಗಿ ಜಾಗವೆಲ್ಲ ಅದಕ್ಕೇ. ಸೆಫ್ ಅಂದರೆ ಹಲವು ಸರ್ವರ್‌ಗಳ ಡಿಸ್ಕ್‌ಗಳನ್ನು ಸೇರಿಸಿ ಒಂದೇ ಉಗ್ರಾಣ ಮಾಡುವ ತಂತ್ರಾಂಶ, ಓಎಸ್‌ಡಿ ಅಂದರೆ ಅದರಲ್ಲಿ ಒಂದೊಂದು ಡಿಸ್ಕನ್ನು ನೋಡಿಕೊಳ್ಳುವ ಪ್ರೋಗ್ರಾಂ. ಇದಕ್ಕಿಂತ ಹೆಚ್ಚು ಹೇಳುತ್ತಾ ಕೂರುವುದಿಲ್ಲ.

ಪ್ರಶ್ನೆ: ಸರ್, ನಮ್ಮದು 4 ಸರ್ವರ್, 24 ಹಾರ್ಡ್‌ಡಿಸ್ಕ್‌ನ ಸೆಫ್ ಕ್ಲಸ್ಟರ್. ಮೂರು ಪ್ರತಿ ಇಟ್ಟಿದ್ದೇವೆ. ಸಿಪಿಯು ಖಾಲಿ, ನೆಟ್‌ವರ್ಕ್ 10 ಗಿಗಾಬಿಟ್. ಆದರೂ ದಿನಕ್ಕೆ ನಾಲ್ಕೈದು ಸಲ ಎಲ್ಲ ವಿಎಂಗಳೂ (ವರ್ಚುವಲ್ ಕಂಪ್ಯೂಟರ್‌ಗಳು) ಒಟ್ಟಿಗೆ ನಿಂತುಬಿಡುತ್ತವೆ. ‘ಸ್ಲೋ ಆಪ್ಸ್’ (ಕೆಲಸ ತಡವಾಗುತ್ತಿದೆ) ಎಚ್ಚರಿಕೆ ಬಂದು ಹೋಗುತ್ತದೆ. ಸೆಟ್ಟಿಂಗ್‌ಗಳನ್ನು ಒಟ್ಟಿಗೆ ಬದಲಿಸುವ ಟ್ಯೂನಿಂಗ್ ಸ್ಕ್ರಿಪ್ಟ್ ಒಂದನ್ನೂ ಓಡಿಸಿ ನೋಡಿದೆವು. ಕರ್ನಲ್ ಸೆಟ್ಟಿಂಗ್ ಬದಲಿಸಬೇಕಾ, ಪಿಜಿ (ಡೇಟಾ ತುಂಡುಗಳನ್ನು ಸೇರಿಸಿಡುವ ಗುಂಪು) ಜಾಸ್ತಿ ಮಾಡಬೇಕಾ?

ಎರಡೂ ಬೇಡ. ಪಿಜಿ ಜಾಸ್ತಿ ಮಾಡಿದರೆ ಡೇಟಾ ಓಡಾಟ ಶುರುವಾಗುತ್ತದೆ, ಏದುಸಿರು ಬಿಡುತ್ತಿರುವ ಕ್ಲಸ್ಟರ್ ತಲೆ ಮೇಲೆ ಇನ್ನೊಂದು ಮೂಟೆ ಹೊರಿಸಿದ ಹಾಗೆ. ನಿಮ್ಮ 24ರಲ್ಲಿ ಒಂದು ಡಿಸ್ಕ್ ಹಾಳಾಗುತ್ತಿದೆ. ನನ್ನ ಅನುಭವದಲ್ಲಿ ಹತ್ತಕ್ಕೆ ಎಂಟು ಸಲ ಇದೇ ಕಥೆ.

ಒಂದು ರೈಟ್ (ಬರೆಯುವ ಕೆಲಸ) ಮುಗಿಯಿತು ಎಂದು ವಿಎಂಗೆ ಉತ್ತರ ಹೋಗುವುದು ಮೂರೂ ಡಿಸ್ಕ್ ಬರೆದು ಮುಗಿಸಿದ ಮೇಲೆ. ಪಂಕ್ತಿ ಊಟದಲ್ಲಿ ಕೊನೆಯವರದು ಮುಗಿಯುವವರೆಗೆ ಯಾರೂ ಏಳುವುದಿಲ್ಲವಲ್ಲ, ಹಾಗೆ. ಎರಡು ಡಿಸ್ಕ್ 10 ಮಿಲಿಸೆಕೆಂಡ್‌ನಲ್ಲಿ ಮುಗಿಸಿ ಮೂರನೆಯದು 20 ಸೆಕೆಂಡ್ ಒದ್ದಾಡಿದರೆ, ನಿಮಗೆ ಸಿಗುವುದು 20 ಸೆಕೆಂಡೇ.

‘ಒಂದು ಡಿಸ್ಕ್‌ನಿಂದ ಎಲ್ಲ ವಿಎಂ ಹೇಗೆ ನಿಲ್ಲುತ್ತದೆ?’ ಎಂದು ಕೇಳುತ್ತೀರಿ, ಗೊತ್ತು. 40 ಜಿಬಿಯ ಒಂದು ಇಮೇಜನ್ನು, ಅಂದರೆ ವಿಎಂನ ಡಿಸ್ಕನ್ನು, ಸೆಫ್ 4 ಎಂಬಿಯ 10,240 ತುಂಡು ಮಾಡುತ್ತದೆ. 24 ಡಿಸ್ಕ್, ಮೂರು ಪ್ರತಿ ಅಂದರೆ ಎಂಟು ತುಂಡಿಗೆ ಒಂದು ಆ ಕೆಟ್ಟ ಡಿಸ್ಕ್ ಮೇಲೆ ಇರುತ್ತದೆ. ಸುಮಾರು 1,280 ತುಂಡು! ಯಾವ ವಿಎಂ ತಪ್ಪಿಸಿಕೊಳ್ಳುತ್ತದೆ ಹೇಳಿ.

ಡಿಸ್ಕ್ ಪೂರ್ತಿ ಸತ್ತಿದ್ದರೆ ಎಷ್ಟೋ ವಾಸಿ. ಹಾರ್ಟ್‌ಬೀಟ್ (ಓಎಸ್‌ಡಿಗಳು ಒಂದಕ್ಕೊಂದು ಕಳಿಸುವ ‘ಇದ್ದೇನೆ’ ಸಂದೇಶ) ನಿಂತು 20 ಸೆಕೆಂಡ್ ಆದರೆ ಉಳಿದವು ದೂರು ಕೊಡುತ್ತವೆ, ಅದು ಹೊರಗೆ ಬೀಳುತ್ತದೆ, ಕೆಲಸ ಮುಂದುವರಿಯುತ್ತದೆ. ನರಳುವ ಡಿಸ್ಕ್ ಹಾಗಲ್ಲ. ‘ಇದ್ದೇನೆ, ಇದ್ದೇನೆ’ ಎನ್ನುತ್ತಲೇ ಕೆಟ್ಟ ಸೆಕ್ಟರನ್ನು ಮತ್ತೆ ಮತ್ತೆ ಓದಲು ಹೆಣಗುತ್ತಿರುತ್ತದೆ. ಅಗ್ಗಕ್ಕೆ ತಂದ ಡೆಸ್ಕ್‌ಟಾಪ್ ಡಿಸ್ಕ್‌ಗಳು ಈ ಹೆಣಗಾಟದಲ್ಲಿ ಎತ್ತಿದ ಕೈ. ಇನ್ನು ಸ್ಲೋ ಆಪ್ಸ್ ಎಚ್ಚರಿಕೆ ಬರುವುದೇ ಕೆಲಸವೊಂದು 30 ಸೆಕೆಂಡ್ ದಾಟಿ ನಿಂತ ಮೇಲೆ. 25 ಸೆಕೆಂಡ್ ತಡವಾದರೆ ಎಲ್ಲ ಹಸಿರೇ ಕಾಣುತ್ತದೆ.

ಹಿಡಿಯುವುದು ಹೇಗೆ? ‘ಸೆಫ್ ಹೆಲ್ತ್ ಡೀಟೇಲ್’ ಕಮಾಂಡ್ ತೋರಿಸುವ ಓಎಸ್‌ಡಿಯೇ ಕಳ್ಳ ಎಂದುಕೊಳ್ಳಬೇಡಿ. ಅದು ದೂರುದಾರನೂ ಇರಬಹುದು. ಅದರ ಹಿಸ್ಟಾರಿಕ್ ಸ್ಲೋ ಆಪ್ಸ್ ಡಂಪ್ (ಹಿಂದೆ ತಡವಾದ ಕೆಲಸಗಳ ಪಟ್ಟಿ) ತೆಗೆದು ಅದು ಯಾರಿಗಾಗಿ ಕಾಯುತ್ತಿತ್ತು ನೋಡಿ. ಬೇರೆ ಬೇರೆ ಓಎಸ್‌ಡಿಗಳ ಡಂಪ್‌ನಲ್ಲೂ ಒಂದೇ ನಂಬರ್ ಬರುತ್ತಿದ್ದರೆ ಅವನೇ. ಆ ಸರ್ವರ್‌ನಲ್ಲಿ ಐಓಸ್ಟಾಟ್ (ಡಿಸ್ಕ್‌ಗಳ ಕೆಲಸದ ವೇಗ ತೋರಿಸುವ ಕಮಾಂಡ್) ಓಡಿಸಿ, ಕರ್ನಲ್ ಲಾಗ್ ನೋಡಿ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ ‘ಪಾಸ್ಡ್’ ಎಂದಿದೆ ಅಂತ ನಿಟ್ಟುಸಿರು ಬಿಡಬೇಡಿ. ಆ ಮಾತಿಗೆ ನಾನು ಮೂರು ಕಾಸಿನ ಬೆಲೆ ಕೊಡುವುದಿಲ್ಲ. ಕೆಳಗೆ ಪೆಂಡಿಂಗ್ ಸೆಕ್ಟರ್ (ಓದಲಾಗದೆ ಬಾಕಿ ಉಳಿದವು) ಎಷ್ಟಿದೆ ನೋಡಿ.

ಸಿಕ್ಕಿದ ಮೇಲೆ, ಪಿಜಿಗಳೆಲ್ಲ ‘ಆಕ್ಟಿವ್ ಪ್ಲಸ್ ಕ್ಲೀನ್’ (ಎಲ್ಲ ಪ್ರತಿಯೂ ಸರಿ) ಇವೆಯಾ ಎಂದು ನೋಡಿ. ‘ಓಕೆ ಟು ಸ್ಟಾಪ್’ ಕಮಾಂಡ್ ಕೊಟ್ಟು, ನಿಲ್ಲಿಸಬಹುದಾ ಎಂದು ಕೇಳಿ. ಹೂಂ ಅಂದರೆ ಆ ಒಂದು ಓಎಸ್‌ಡಿಯನ್ನು ಮಾತ್ರ ನಿಲ್ಲಿಸಿ. ವಿಎಂಗಳು ಆಗಲೇ ಉಸಿರಾಡುತ್ತವೆ. 10 ನಿಮಿಷದ ನಂತರ ಕ್ಲಸ್ಟರ್ ತಾನೇ ಮೂರನೇ ಪ್ರತಿ ಕಟ್ಟಲು ಶುರು ಮಾಡುತ್ತದೆ. ಅದು ಮುಗಿಯುವವರೆಗೆ ಇನ್ನೊಂದಕ್ಕೆ ಕೈ ಹಾಕಬೇಡಿ. ಹಿಂದೊಮ್ಮೆ ಅವಸರದಲ್ಲಿ ನಾನು ಪಕ್ಕದ ಸ್ಲಾಟ್‌ನ ಒಳ್ಳೆಯ ಡಿಸ್ಕನ್ನೇ ಎಳೆದಿದ್ದೆ. ಈಗ ಸೀರಿಯಲ್ ನಂಬರನ್ನು ಎರಡು ಸಲ ಗಟ್ಟಿಯಾಗಿ ಓದಿಕೊಳ್ಳುತ್ತೇನೆ. ನೋಡಿದವರು ನಗುತ್ತಾರೆ, ನಗಲಿ.

ಇನ್ನು ಆ ಟ್ಯೂನಿಂಗ್ ಸ್ಕ್ರಿಪ್ಟ್. ಸಂತೆಯಲ್ಲಿ ಸಕಲ ರೋಗಕ್ಕೂ ಒಂದೇ ಎಣ್ಣೆ ಮಾರುವವರ ಹಾಗೆ ಇದನ್ನೂ ಹಂಚುವವರಿದ್ದಾರೆ. ಅದರಲ್ಲಿ ಎಷ್ಟೋ ಸಾಲು ಫೈಲ್‌ಸ್ಟೋರ್ (ಸೆಫ್ ಡಿಸ್ಕ್‌ಗೆ ಬರೆಯುತ್ತಿದ್ದ ಹಳೆಯ ವಿಧಾನ) ಕಾಲದ್ದು. 2017ರಲ್ಲಿ ಸೆಫ್‌ನ ಲುಮಿನಸ್ ಆವೃತ್ತಿ ಬಂದಾಗಲೇ ಹೊಸ ವಿಧಾನವಾದ ಬ್ಲೂಸ್ಟೋರ್ ಡಿಫಾಲ್ಟ್ ಆಯಿತು. ಇಲ್ಲದ ಎಂಜಿನ್‌ಗೆ ಆಯಿಲ್ ಹಾಕುತ್ತಿದ್ದೀರಿ.

ಪ್ರಶ್ನೆ: ದುಡ್ಡು ಉಳಿಸಲು ಎರಡೇ ಪ್ರತಿ, ಮಿನ್‌ಸೈಜ್ (ಕೆಲಸ ನಡೆಯಲು ಇರಲೇಬೇಕಾದ ಪ್ರತಿಗಳ ಸಂಖ್ಯೆ) 1 ಇಡಬಹುದಾ?

ಬೇಡ. ಇನ್ನೊಮ್ಮೆ ಕೇಳಲೂಬೇಡಿ.

ಪ್ರಶ್ನೆ: ಮಾನಿಟರ್ (ಕ್ಲಸ್ಟರ್ ಸ್ಥಿತಿಯ ಲೆಕ್ಕ ಇಡುವ ಪ್ರೋಗ್ರಾಂ) ಎರಡಿದ್ದರೆ ಸಾಕಲ್ವಾ, ಒಂದು ಹೋದರೆ ಇನ್ನೊಂದಿರುತ್ತದೆ?

ಇರುತ್ತದೆ, ಆದರೆ ಕೆಲಸ ಮಾಡುವುದಿಲ್ಲ. ಎರಡರಲ್ಲಿ ಬಹುಮತ ಅಂದರೆ ಎರಡೂ ಬೇಕು. ಮೂರು ಇಡಿ.

ಪ್ರಶ್ನೆ: ಗೇಮಿಂಗ್ ಎಸ್‌ಎಸ್‌ಡಿ ಹಾಕಿದೆವು. ಡಬ್ಬದ ಮೇಲೆ ಬರೆದ ವೇಗದ ಹತ್ತರಲ್ಲಿ ಒಂದು ಪಾಲೂ ಇಲ್ಲ.

ಡಬ್ಬದ ಅಳತೆ ಸೆಫ್‌ಗೆ ಆಗಿ ಬರುವುದಿಲ್ಲ. ಪ್ರತಿ ರೈಟ್ ಡಿಸ್ಕ್ ಮೇಲೆ ಭದ್ರವಾಗಿ ಕೂತಿದೆಯೇ ಎಂದು ಸೆಫ್ ಕೇಳುತ್ತದೆ. ಕರೆಂಟ್ ಹೋದರೆ ಕಾಪಾಡುವ ಕೆಪಾಸಿಟರ್ ಇರುವ ಎಸ್‌ಎಸ್‌ಡಿ ತಕ್ಷಣ ಹೌದು ಅನ್ನಬಹುದು. ನಿಮ್ಮದರಲ್ಲಿ ಅದಿಲ್ಲ, ಪ್ರತಿ ಸಲ ಫ್ಲ್ಯಾಶ್‌ವರೆಗೆ ಹೋಗಿ ಬರಬೇಕು. ಕೊಳ್ಳುವ ಮೊದಲು ಒಂದನ್ನು ತಂದು, ವೇಗ ಅಳೆಯುವ ಎಫ್‌ಐಓ ಪ್ರೋಗ್ರಾಂನಲ್ಲಿ 4ಕೆ ತುಂಡು, ಸಿಂಕ್ (ಪ್ರತಿ ಸಲ ಭದ್ರವಾಗುವವರೆಗೆ ಕಾಯುವುದು), ಕ್ಯೂ 1 (ಒಂದು ಸಲಕ್ಕೆ ಒಂದೇ ಕೆಲಸ) ಇಟ್ಟು ಅಳೆಯಿರಿ.

ಪ್ರಶ್ನೆ: ಡಿಸ್ಕ್ ಶೇ 95 ತುಂಬಿ ರೈಟ್ ನಿಂತಿದೆ. ಮಿತಿ ಏರಿಸಲಾ?

ಶೇ 85ಕ್ಕೇ ಎಚ್ಚರಿಕೆ ಬಂದಿತ್ತು, ಆಗ ಏನು ಮಾಡುತ್ತಿದ್ದಿರಿ? ಶೇ 97ಕ್ಕೆ ಏರಿಸಿ, ಬೇಡದ ಸ್ನ್ಯಾಪ್‌ಶಾಟ್ ಅಳಿಸಿ, ಜಾಗ ಆದ ಕೂಡಲೇ ವಾಪಸ್ 95ಕ್ಕೆ ಇಳಿಸಿ. ಹೊಸ ಡಿಸ್ಕ್‌ಗೆ ಇವತ್ತೇ ಆರ್ಡರ್ ಕೊಡಿ.