ಅಮೆರಿಕದಲ್ಲಿ ಮನೆ ಹತ್ರದ ಲೇಕಲ್ಲಿ ಸಿಗೋ ಕ್ರಾಪಿ ಮೀನೆಲ್ಲಾ ಅಂಗೈಯಷ್ಟೇ ಇರುತ್ತೆ ಯಾಕೆ, ದೊಡ್ಡದು ಎಲ್ಲಿ ಸಿಗುತ್ತೆ?

ಸಾಮಾನ್ಯವಾಗಿ ಅಲ್ಲಿ ಮೀನು ಕಮ್ಮಿ ಅಂತಲ್ಲ, ವಿಪರೀತ ಜಾಸ್ತಿ ಇದೆ, ಅದಕ್ಕೇ ಸಣ್ಣದು. ಒಂದು ಹೆಣ್ಣು ಕ್ರಾಪಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತೆ, ಮರಿಗಳನ್ನ ತಿನ್ನೋಕೆ ಬಾಸ್ ಥರದ ಬೇಟೆ ಮೀನು ಸಾಕಷ್ಟು ಇಲ್ದಿದ್ರೆ ತುಂಬಾ ಮರಿ ಬದುಕ್ಕೊಂಡು ಇರೋ ಅಷ್ಟೇ ಊಟಾನ ಎಲ್ಲಾ ಹಂಚ್ಕೋಬೇಕು, ವಯಸ್ಸಾಗುತ್ತೆ ಆದ್ರೆ ಮೈ ಬೆಳೆಯಲ್ಲ. ಒಂದನ್ನ ಕೈಲಿ ಹಿಡಿದು ನೋಡಿ, ಮೈ ತೆಳ್ಳಗಿದ್ದು ಕಣ್ಣು ಮಾತ್ರ ತಲೆಗೆ ಮೀರಿ ದೊಡ್ಡದಾಗಿ ಕಂಡ್ರೆ ಅದು ಮರಿ ಅಲ್ಲ, ಹೊಟ್ಟೆಗಿಲ್ದೆ ಕುಳ್ಳಗೇ ಉಳಿದಿರೋ ಮೀನು, ಪಾಪ ಅನ್ಸುತ್ತೆ.

ದೊಡ್ಡದು ಬೇಕಂದ್ರೆ ಷ್ಯಾಡ್ ಅನ್ನೋ ಬೆಳ್ಳಿ ಬಣ್ಣದ ಚಿಕ್ಕ ಮೀನು ಹೇರಳವಾಗಿರೋ ದೊಡ್ಡ ಡ್ಯಾಮಿನ ನೀರಿಗೆ ಹೋಗಿ, ಕ್ರಾಪಿಗೆ ಊಟ ಆ ಷ್ಯಾಡೇ. ಬಿಳಿ ಕ್ರಾಪಿಯ ವಿಶ್ವದಾಖಲೆ, 5 ಪೌಂಡ್ 3 ಔನ್ಸ್ ಅಂದ್ರೆ ಸುಮಾರು 2.35 ಕೆಜಿ, 1957ರಲ್ಲಿ ಸಿಕ್ಕಿದ್ದು ಮಿಸಿಸಿಪ್ಪಿಯ ಎನಿಡ್ ಲೇಕಲ್ಲಿ, ಅದೂ ಡ್ಯಾಮ್ ಕಟ್ಟಿ ಆಗಿರೋದೇ. ವಸಂತದಲ್ಲಿ ನೀರು 16ರಿಂದ 20 ಡಿಗ್ರಿ ಸೆಲ್ಸಿಯಸ್ ಆದಾಗ ಮೊಟ್ಟೆ ಇಡೋಕೆ ದಡದ ಕಡೆ ಬರ್ತವೆ, ಮುಳುಗಿರೋ ಮರದ ಕೊಂಬೆಗಳ ಪಕ್ಕ ಗಾಳ ಬಿಡಿ. ಕಚ್ಚಿದ ಮೇಲೆ ಜೋರಾಗಿ ಎಳೀಬೇಡಿ, ಅದರ ಬಾಯಿ ಪೇಪರ್ ಥರ ತೆಳು, ಹರಿದು ತಪ್ಪಿಸ್ಕೊಳ್ಳುತ್ತೆ. ಇನ್ನು ಮನೆ ಹತ್ರದ ಲೇಕಲ್ಲಿ ಸಿಗೋ ಸಣ್ಣವನ್ನ ಅಲ್ಲಿನ ರೂಲ್ಸ್ ಬಿಡೋ ಅಷ್ಟು ತಗೊಂಡು ಹೋಗಿ ಫ್ರೈ ಮಾಡ್ಕೊಳ್ಳಿ, ಉಳಿದವಕ್ಕೆ ಸ್ವಲ್ಪ ಜಾಸ್ತಿ ಊಟ ಸಿಗುತ್ತೆ.