ಮ್ಯೂನಿಕ್ ಫ್ಲಾಟ್‌ನಲ್ಲಿ ಹಿಮಾಲಯನ್ ಸಾಕುವುದು ಹೇಗೆ?

ಜರ್ಮನಿಯಲ್ಲಿರುವ ಕನ್ನಡಿಗರು ಕಳಿಸಿದ ಬೈಕ್ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಓದಲು ಬಂದವರು, ಕೆಲಸಕ್ಕೆ ಬಂದವರು, ಎಲ್ಲರ ಗೋಳೂ ಹೆಚ್ಚುಕಡಿಮೆ ಒಂದೇ. ಆಲ್ಪ್ಸ್ ಪಕ್ಕದಲ್ಲೇ ಇದೆ, ಬೈಕೂ ಇದೆ, ಆದರೆ ಗ್ಯಾರೇಜಿನ ಬಿಲ್ಲು ನೋಡಿದರೆ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ಸರ್, ದಾವಣಗೆರೆಯಲ್ಲಿದ್ದಾಗ ನನ್ನ ಬುಲೆಟ್‌ಗೆ ಮನೆ ಮುಂದೆಯೇ ಆಯಿಲ್ ಬದಲಾಯಿಸುತ್ತಿದ್ದೆ. ಈಗ ಮ್ಯೂನಿಕ್‌ನಲ್ಲಿ ಸೆಕೆಂಡ್ ಹ್ಯಾಂಡ್ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ತಗೊಂಡಿದ್ದೀನಿ. ಮೂರನೇ ಮಹಡಿ ಫ್ಲಾಟ್, ಬೈಕ್ ನಿಲ್ಲೋದು ನೆಲಮಾಳಿಗೆ ಪಾರ್ಕಿಂಗ್‌ನಲ್ಲಿ. ರಸ್ತೆ ಬದಿಯಲ್ಲಿ ಆಯಿಲ್ ಬದಲಾಯಿಸ್ತೀನಿ ಅಂದಿದ್ದಕ್ಕೆ ಪಕ್ಕದ ಮನೆ ಅಜ್ಜಿ 'ಅದು ಕಾನೂನಿಗೆ ವಿರುದ್ಧ' ಅಂದರು. ನಿಜವಾ? ಹಾಗಾದ್ರೆ ಎಲ್ಲಿ ಮಾಡೋದು?

ಉತ್ತರ: ಅಜ್ಜಿ ಹೇಳಿದ್ದು ನಿಜ. ಸಾರ್ವಜನಿಕ ರಸ್ತೆಯಲ್ಲಿ ಆಯಿಲ್ ಬದಲಾಯಿಸುವ ಹಾಗಿಲ್ಲ. ಮಣ್ಣಿಗೆ, ನೀರಿಗೆ ಎಣ್ಣೆ ಸೇರುವ ವಿಷಯದಲ್ಲಿ ಈ ದೇಶ ಬಹಳ ಖಡಕ್ಕು. ನೆಲಮಾಳಿಗೆಯಲ್ಲೂ ಹೆಚ್ಚಿನ ಕಡೆ ಬಾಡಿಗೆ ಕರಾರಿನಲ್ಲೇ ರಿಪೇರಿ ಮಾಡಬಾರದು ಅಂತ ಬರೆದಿರುತ್ತಾರೆ. ಕರಾರು ತೆಗೆದು ಒಮ್ಮೆ ಓದಿ. ಟೈರಿಗೆ ಗಾಳಿ ತುಂಬುವುದು, ಚೈನಿಗೆ ಲ್ಯೂಬ್ ಹಾಕುವುದು, ಬಲ್ಬ್ ಬದಲಾಯಿಸುವುದು, ಇಷ್ಟಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಭಾನುವಾರ ಮಾತ್ರ ಸುತ್ತಿಗೆ ಹಿಡಿಯಬೇಡಿ. ಇಲ್ಲಿ ಭಾನುವಾರ ಸದ್ದು ಮಾಡಿದರೆ ಅಜ್ಜಿ ಅಲ್ಲ, ಪೊಲೀಸರೇ ಬಂದಾರು.

ಆಯಿಲ್ ಕೆಲಸಕ್ಕೆ ಜಾಗ ಇದೆ. ಅದಕ್ಕೆ 'ಮೀಟ್‌ವೆರ್ಕ್‌ಷ್ಟಾಟ್' ಅಂತಾರೆ. ಗಂಟೆ ಲೆಕ್ಕದ ಬಾಡಿಗೆಗೆ ಸಿಗುವ ಗ್ಯಾರೇಜು. ಲಿಫ್ಟು, ಟೂಲ್ಸು, ಹಳೇ ಆಯಿಲ್ ಸುರಿಯುವ ಡ್ರಮ್ಮು, ಎಲ್ಲ ಅಲ್ಲೇ ಇರುತ್ತದೆ. ಫೋನ್ ಮಾಡಿ ಎರಡು ವಿಷಯ ಕೇಳಿ. ಬೈಕ್‌ಗೆ ಆಗುವ ಲಿಫ್ಟು ಇದೆಯಾ, ಆಯಿಲ್ ನಾವೇ ತರಬಹುದಾ. ಕೆಲವರು ಅವರಲ್ಲೇ ಕೊಳ್ಳಬೇಕು ಅಂತಾರೆ. ಶೋರೂಮಿನ ಕೂಲಿ ಗಂಟೆಗೆ ನೂರು ಯೂರೋ ಆಸುಪಾಸು ಇರುವ ಊರಲ್ಲಿ ಈ ಬಾಡಿಗೆ ಏನೂ ಅಲ್ಲ. ಜೊತೆಗೆ, ಅಲ್ಲೇ ಓಡಾಡಿಕೊಂಡಿರುವ ಮೆಕ್ಯಾನಿಕ್ ಒಬ್ಬರು ನಿಮ್ಮ ಕೈಕೆಲಸದ ಮೇಲೆ ಒಂದು ಕಣ್ಣಿಟ್ಟಿರುತ್ತಾರೆ. ಹೊಸಬರಿಗೆ ಬಾಡಿಗೆಗಿಂತ ಇದೇ ದೊಡ್ಡ ಲಾಭ.

ಹಳೇ ಆಯಿಲ್ ಬಗ್ಗೆ ಇಲ್ಲಿ ಒಂದು ಒಳ್ಳೆ ಕಾನೂನಿದೆ. ಆಯಿಲ್ ಮಾರಿದ ಅಂಗಡಿ ಅಷ್ಟೇ ಪ್ರಮಾಣದ ಹಳೇ ಆಯಿಲನ್ನು ಪುಕ್ಕಟೆ ವಾಪಸ್ ತಗೊಳ್ಳಲೇಬೇಕು. ಹಳೇ ಫಿಲ್ಟರ್ ಕೂಡ. ಬಿಲ್ ಒಂದನ್ನು ಜೋಪಾನ ಮಾಡಿ. ವಾಪಸ್ ಕೊಡುವ ಕ್ಯಾನಿಗೆ ಕೂಲಂಟ್, ಬ್ರೇಕ್ ಆಯಿಲ್ ಬೆರೆಸಬೇಡಿ, ತಗೊಳ್ಳುವುದಿಲ್ಲ.

ಇನ್ನು ಆಯಿಲ್. ಸೂಪರ್ ಮಾರ್ಕೆಟ್‌ನಲ್ಲಿ ಕಾರಿನ ಆಯಿಲ್ ಅರ್ಧ ಬೆಲೆಗೆ ಸಿಗುತ್ತದೆ, ಆಸೆ ಬೀಳಬೇಡಿ. ಹಿಮಾಲಯನ್‌ನಲ್ಲಿ ಎಂಜಿನ್ನು, ಗೇರು, ಕ್ಲಚ್ಚು ಎಲ್ಲ ಒಂದೇ ಆಯಿಲ್‌ನಲ್ಲಿ ಓಡುತ್ತವೆ. ಕಾರಿನ ಆಯಿಲ್‌ಗೆ ಘರ್ಷಣೆ ಕಡಿಮೆ ಮಾಡುವ ಮದ್ದು ಸೇರಿಸಿರುತ್ತಾರೆ. ಅದು ಕ್ಲಚ್ ಪ್ಲೇಟಿಗೆ ಅಂಟಿದರೆ ಕ್ಲಚ್ಚು ಜಾರುತ್ತದೆ. ಡಬ್ಬಿ ಮೇಲೆ 'ಜಾಸೋ ಎಂಎ2' ಅಂತ ಇದೆಯಾ ನೋಡಿ, ಅದು ಇಂಥ ಕ್ಲಚ್ಚಿಗೆ ಒಗ್ಗುವ ಆಯಿಲ್ ಅನ್ನುವ ಗುರುತು. ನಿಮ್ಮ 411ಕ್ಕೆ 15ಡಬ್ಲ್ಯು-50 ಗ್ರೇಡು. ಎಂಜಿನ್ ಸ್ವಲ್ಪ ಬೆಚ್ಚಗಾದ ಮೇಲೆ ಡ್ರೈನ್ ಮಾಡಿ. ಹೊಸ ವಾಶರ್ ಹಾಕಿ. ಡ್ರೈನ್ ಬೋಲ್ಟನ್ನು ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಟಾರ್ಕ್ ರೆಂಚ್, ಅಂದರೆ ಎಷ್ಟು ಬಿಗಿಯಾಯಿತು ಅಂತ ಅಳೆಯುವ ಸ್ಪ್ಯಾನರ್. ಸ್ಪ್ಯಾನರ್‌ಗೆ ಪೈಪು ಸಿಕ್ಕಿಸಿ ಎಳೆಯುವ ನಮ್ಮೂರಿನ ಚಾಳಿ ಇಲ್ಲಿ ಬೇಡ. ಅಲ್ಯೂಮಿನಿಯಂ ಕೇಸಿನ ಥ್ರೆಡ್ ಹೋದರೆ, ಉಳಿಸಿದ ದುಡ್ಡೆಲ್ಲ ಬಡ್ಡಿ ಸಮೇತ ಹೊರಟುಹೋಗುತ್ತದೆ.

ಮೊದಲ ವರ್ಷ ಆಯಿಲ್, ಏರ್ ಫಿಲ್ಟರ್, ಚೈನು, ಟ್ಯೂಬು, ಇಷ್ಟು ಕಲಿಯಿರಿ. ಬ್ರೇಕ್ ಮತ್ತು ಫೋರ್ಕ್ ಕೆಲಸವನ್ನು ಬಲ್ಲವರು ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ, ಆಮೇಲೆ ಕೈಹಾಕಿ.

ಪ್ರಶ್ನೆ: ಬೆಂಗಳೂರಿನ ಬೈಕ್ ಲೈಸೆನ್ಸ್‌ನಲ್ಲಿ ಇಲ್ಲಿ ಎಷ್ಟು ದಿನ ಓಡಿಸಬಹುದು?

ಉತ್ತರ: ಇಲ್ಲಿ ವಾಸ ಶುರುವಾದ ದಿನದಿಂದ 6 ತಿಂಗಳು. ಲೈಸೆನ್ಸ್‌ನ ಜರ್ಮನ್ ಅನುವಾದ ಜೊತೆಗಿರಲಿ. ಆಮೇಲೆ ಜರ್ಮನ್ ಲೈಸೆನ್ಸೇ ಬೇಕು. ಭಾರತಕ್ಕೆ ನೇರ ಬದಲಾವಣೆಯ ಸೌಲಭ್ಯ ಇಲ್ಲ. ಥಿಯರಿ, ಪ್ರಾಕ್ಟಿಕಲ್ ಎರಡೂ ಬರೆಯಬೇಕು, ಓಡಿಸಬೇಕು. ಆದರೆ ಹೊಸಬರ ಹಾಗೆ ಇಂತಿಷ್ಟು ಕ್ಲಾಸ್ ಕಡ್ಡಾಯ ಇಲ್ಲ. ಥಿಯರಿ ಇಂಗ್ಲಿಷ್‌ನಲ್ಲೂ ಬರೆಯಬಹುದು. ಎ2 ವರ್ಗದಲ್ಲಿ 35 ಕಿಲೋವ್ಯಾಟ್‌ವರೆಗಿನ ಬೈಕು. ಹಿಮಾಲಯನ್ ಅದರೊಳಗೇ ಬರುತ್ತದೆ. 24 ತುಂಬಿದವರು ನೇರವಾಗಿ ದೊಡ್ಡ ಎ ವರ್ಗಕ್ಕೇ ಹೋಗಬಹುದು. ಆ ಆರು ತಿಂಗಳು ಮುಗಿದ ಮೇಲೂ 'ಯಾರು ನೋಡ್ತಾರೆ' ಅಂತ ಓಡಿಸುವುದು ಇಲ್ಲಿ ಅಪರಾಧ. ವೀಸಾ ಮೇಲೆ ಇರುವವರು ಆ ಸಾಹಸಕ್ಕೆ ಹೋಗಲೇಬೇಡಿ.

ಪ್ರಶ್ನೆ: ನನ್ನದು ಕೆಟಿಎಂ 390 ಅಡ್ವೆಂಚರ್. ಚೈನ್ ಸಡಿಲ ಇದೆ ಅಂತ ಬಿಗಿ ಮಾಡಿದೆ. ಈಗ ಹಳ್ಳ ಹತ್ತಿಳಿದಾಗ ಕೆಳಗಿನಿಂದ ಗರಗರ ಸದ್ದು ಬರುತ್ತಿದೆ. ಇನ್ನೂ ಬಿಗಿ ಮಾಡಬೇಕಾ? — ಇಂಗೊಲ್‌ಸ್ಟಾಟ್‌ನಿಂದ

ಉತ್ತರ: ಬೇಡ! ಬಿಗಿ ಜಾಸ್ತಿ ಆಗಿದೆ ಅನ್ನಿಸುತ್ತದೆ. ಅಡ್ವೆಂಚರ್ ಬೈಕಿನ ಸಸ್ಪೆನ್ಷನ್ ಉದ್ದ. ನೀವು ಕೂತು, ಹಿಂದೆ ಲಗೇಜು ಕಟ್ಟಿ, ಹಳ್ಳಕ್ಕೆ ಇಳಿದಾಗ ಹಿಂದಿನ ಚಕ್ರ ಮೇಲೇಳುತ್ತದೆ. ಮುಂದಿನ ಸ್ಪ್ರಾಕೆಟ್ (ಚೈನು ಓಡುವ ಹಲ್ಲಿನ ಚಕ್ರ), ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್‌ನ ಕೀಲು, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬರುವ ಹೊತ್ತಿಗೆ ಚೈನು ಅತಿ ಬಿಗಿಯಾಗಿರುತ್ತದೆ. ಆಗಲೂ ಸ್ವಲ್ಪ ಸಡಿಲ ಉಳಿಯಬೇಕು. ಉಳಿಯದಿದ್ದರೆ ಆ ಎಳೆತವೆಲ್ಲ ಗೇರ್‌ಬಾಕ್ಸ್ ಬೇರಿಂಗ್ ಮೇಲೆ ಬೀಳುತ್ತದೆ. ಸ್ವಲ್ಪ ಸಡಿಲ ಇದ್ದರೆ ಸದ್ದು ಮಾಡುತ್ತದೆ ಅಷ್ಟೆ, ಬಿಗಿ ಇದ್ದರೆ ಎಂಜಿನ್ನೇ ಬಿಚ್ಚಿಸುತ್ತದೆ.

ಹೀಗೆ ಮಾಡಿ. ಎಂಜಿನ್ ಆಫ್, ನ್ಯೂಟ್ರಲ್. ಹಿಂದಿನ ಚಕ್ರ ಎತ್ತಿ ನಿಲ್ಲಿಸಿ, ಕೈಯಲ್ಲೇ ನಿಧಾನ ತಿರುಗಿಸುತ್ತಾ ಕೆಳಗಿನ ಚೈನನ್ನು ಒತ್ತಿ ನೋಡುತ್ತಾ ಹೋಗಿ. ಚೈನು ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಅತಿ ಬಿಗಿ ಇರುವ ಜಾಗ ಸಿಕ್ಕ ಮೇಲೆ ಅಲ್ಲಿ ಅಳೆಯಿರಿ. ಎಷ್ಟು ಮಿಲಿಮೀಟರ್, ಎಲ್ಲಿ ಅಳೆಯಬೇಕು ಅನ್ನುವುದು ನಿಮ್ಮ ಬೈಕಿನ ಪುಸ್ತಕದಲ್ಲಿ ಇರುತ್ತದೆ, ಬೇರೆ ಬೈಕಿನ ಲೆಕ್ಕ ಇದಕ್ಕೆ ಹಾಕಬೇಡಿ. ಅಡ್ಜಸ್ಟರ್‌ಗಳನ್ನು ಎರಡೂ ಕಡೆ ಸಮ ತಿರುಗಿಸಿ. ಕೊನೆಗೆ ಆಕ್ಸಲ್ ನಟ್ಟು ಬಿಗಿ ಮಾಡುವ ಮುಂಚೆ ಒಂದು ಬಟ್ಟೆ ಸುರುಳಿಯನ್ನು ಚೈನು ಮತ್ತು ಹಿಂದಿನ ಸ್ಪ್ರಾಕೆಟ್ ನಡುವೆ ಸಿಕ್ಕಿಸಿ ಚಕ್ರವನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ. ಆಕ್ಸಲ್ ಮುಂದಕ್ಕೆ ಎಳೆದುಕೊಂಡು ಅಡ್ಜಸ್ಟರ್‌ಗೆ ಒತ್ತಿ ಕೂರುತ್ತದೆ. ಈಗ ನಟ್ಟು ಬಿಗಿ ಮಾಡಿದರೆ ಅಳತೆ ಕದಲುವುದಿಲ್ಲ.

ಚೈನು ತೊಳೆಯಲು ನಮ್ಮ ಸೀಮೆಎಣ್ಣೆ ಸಾಕು. ಇಲ್ಲಿನ ಬೌಮಾರ್ಕ್ಟ್‌ನಲ್ಲಿ (ಮನೆ ರಿಪೇರಿ ಸಾಮಾನಿನ ದೊಡ್ಡ ಅಂಗಡಿ) 'ಪೆಟ್ರೋಲಿಯಂ' ಹೆಸರಲ್ಲಿ ಡಬ್ಬಿ ಸಿಗುತ್ತದೆ. ಬ್ರೇಕ್ ಕ್ಲೀನರ್ ಹೊಡೆಯಬೇಡಿ, ಚೈನಿನ ರಬ್ಬರ್ ರಿಂಗುಗಳು ಹಾಳಾಗುತ್ತವೆ. ಎಂಜಿನ್ ಓಡಿಸಿ, ಗೇರ್ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಬೆರಳು ಕಳಕೊಳ್ಳಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ನಾವು ನಾಲ್ವರು ಇಟಲಿಯ ಲಿಮೋನೆ–ಮೊನೇಸಿ ಮಣ್ಣಿನ ದಾರಿಗೆ ಹೋಗ್ತಿದ್ದೀವಿ. ಎಲ್ಲರದೂ ಟ್ಯೂಬ್ ಟೈರ್. ಪಂಕ್ಚರ್ ಆದರೆ ಬ್ರೇಕ್‌ಡೌನ್ ಸರ್ವಿಸ್‌ನವರು ಬರ್ತಾರಾ? — ಸ್ಟಟ್‌ಗಾರ್ಟ್‌ನಿಂದ

ಉತ್ತರ: ಡಾಂಬರು ರಸ್ತೆಗೆ ಬರುತ್ತಾರೆ. ಜರ್ಮನಿಯ ವಾಹನ ಸವಾರರ ಸಂಘ ಎಡಿಎಸಿಯ ಪ್ಲಸ್ ಸದಸ್ಯತ್ವ ಇದ್ದರೆ ಯುರೋಪಿನ ಬೇರೆ ದೇಶಗಳಲ್ಲೂ ಸಹಾಯ ಸಿಗುತ್ತದೆ, ಮಾಡಿಸಿಕೊಂಡೇ ಹೋಗಿ. ಆದರೆ ನೀವು ಹೊರಟಿರುವುದು ಇಟಲಿ–ಫ್ರಾನ್ಸ್ ಗಡಿಯ ಹಳೇ ಮಿಲಿಟರಿ ರಸ್ತೆ. 2000 ಮೀಟರ್ ಆಸುಪಾಸಿನ ಎತ್ತರದಲ್ಲಿ ಬರೀ ಕಲ್ಲು. ಅಲ್ಲಿಗೆ ಟೋ ವ್ಯಾನ್ ಬರುವುದನ್ನು ಕಾಯುವ ಬದಲು ಟ್ಯೂಬ್ ಹಾಕುವುದನ್ನು ಕಲಿಯುವುದೇ ಬೇಗ. ಈ ದಾರಿಗೆ ಟೋಲ್ ಇದೆ, ದಿನಕ್ಕೆ ಇಷ್ಟೇ ಗಾಡಿ ಅಂತ ಮಿತಿ ಇದೆ, ವಾರದಲ್ಲಿ ಕೆಲವು ದಿನ ಗಾಡಿ ಬಿಡುವುದೇ ಇಲ್ಲ. ಮೊದಲೇ ವಿಚಾರಿಸಿ ಬುಕ್ ಮಾಡಿ.

ಹೊರಡುವ ಮುಂಚೆ ಊರಲ್ಲೇ ಒಂದು ಶನಿವಾರ ನಾಲ್ವರೂ ಕೂತು ಒಂದೊಂದು ಚಕ್ರ ಬಿಚ್ಚಿ ಹಾಕಿ. ಯಾವ ಟೂಲ್ ಇಲ್ಲ, ಯಾವ ಸ್ಪ್ಯಾನರ್ ಸೈಜ್ ತಪ್ಪಾಗಿದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಅಂಗಡಿಯ ರೆಡಿಮೇಡ್ ಟೂಲ್ ಕಿಟ್ ನಂಬಬೇಡಿ, ಬಿಚ್ಚುವಾಗ ಕೈಗೆ ಬೇಕಾಗಿದ್ದನ್ನೆಲ್ಲ ಒಂದು ಬಟ್ಟೆ ಮೇಲೆ ಇಡುತ್ತಾ ಹೋಗಿ, ಅದೇ ನಿಮ್ಮ ಕಿಟ್. ಟಯರ್ ಲಿವರ್ ಮೂರು ಇರಲಿ.

ಕಷ್ಟ ಇರುವುದು ಎರಡೇ ಕಡೆ. ಒಂದು, ರಿಮ್‌ಗೆ ಕಚ್ಚಿಕೊಂಡ ಟೈರಿನ ಅಂಚು ಬಿಡಿಸುವುದು. ಗಾಳಿ ಪೂರ್ತಿ ತೆಗೆದು ಚಕ್ರ ನೆಲಕ್ಕೆ ಮಲಗಿಸಿ, ಗೆಳೆಯರ ಬೈಕಿನ ಸೈಡ್ ಸ್ಟ್ಯಾಂಡನ್ನು ರಿಮ್ ಪಕ್ಕದಲ್ಲೇ ಟೈರ್ ಮೇಲೆ ಊರಿ, ಬೈಕನ್ನು ಆ ಕಡೆ ವಾಲಿಸಿ. ಟಪ್ ಅಂತ ಬಿಡುತ್ತದೆ. ಎರಡು, ಟೈರ್ ವಾಪಸ್ ಹಾಕುವಾಗ ಕೊನೆಯ ಒಂದು ಗೇಣು. ಅಲ್ಲೇ ಎಲ್ಲರೂ ಹೊಸ ಟ್ಯೂಬಿಗೆ ಲಿವರ್ ಚುಚ್ಚುವುದು. ಶಕ್ತಿ ಹಾಕಬೇಕು ಅನ್ನಿಸಿದರೆ ಏನೋ ತಪ್ಪಾಗಿದೆ ಅಂತಲೇ ಅರ್ಥ. ರಿಮ್‌ನ ನಡುವೆ ಒಂದು ಗುಳಿ ಇರುತ್ತದೆ. ನೀವು ಲಿವರ್ ಹಾಕಿದ ಜಾಗದ ಎದುರು ಬದಿಯಲ್ಲಿ ಟೈರಿನ ಅಂಚು ಆ ಗುಳಿಯೊಳಗೆ ಇಳಿದಿರಬೇಕು. ಅಲ್ಲಿ ಮಂಡಿ ಊರಿ ಒತ್ತಿ ಹಿಡಿಯಿರಿ, ಈ ಕಡೆ ತಾನಾಗಿ ಸಡಿಲ ಸಿಗುತ್ತದೆ. ವಾಲ್ವ್ ಇರುವ ಕಡೆ ಟ್ಯೂಬು ಅಡ್ಡ ಬರುವುದರಿಂದ ಅಂಚು ಗುಳಿಗೆ ಇಳಿಯುವುದಿಲ್ಲ. ಹಾಗಾಗಿ ವಾಲ್ವ್‌ನ ಎದುರು ಶುರು ಮಾಡಿ ವಾಲ್ವ್ ಹತ್ತಿರ ಮುಗಿಸಿ. ಮುಗಿಸುವ ಮುಂಚೆ ವಾಲ್ವ್ ಅನ್ನು ಒಮ್ಮೆ ಒಳಕ್ಕೆ ತಳ್ಳಿ ಬಿಡಿ, ಅಂಚಿನ ಕೆಳಗೆ ಸಿಕ್ಕಿದ ಟ್ಯೂಬು ಮೇಲೆ ಸರಿಯುತ್ತದೆ. ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ತುಂಬಿ ಪೌಡರ್ ಸವರಿಯೇ ಒಳಗೆ ಹಾಕಬೇಕು.

ಹೊಸ ಟ್ಯೂಬ್ ಹಾಕುವ ಮುಂಚೆ ಹಳೆಯದನ್ನು ನೋಡಿ. ಒಂದೇ ತೂತು ಇದ್ದರೆ ಮೊಳೆಯೋ ಮುಳ್ಳೋ ಇನ್ನೂ ಟೈರಿನಲ್ಲೇ ಇರಬಹುದು, ಒಳಗೆ ಹುಷಾರಾಗಿ ಬಟ್ಟೆ ಆಡಿಸಿ ಹುಡುಕಿ. ಅಕ್ಕಪಕ್ಕ ಎರಡು ಸೀಳು ಇದ್ದರೆ ಹಾವು ಕಚ್ಚಿದ ಗುರುತಿನ ಹಾಗೆ ಕಾಣುತ್ತದೆ. ಅಂದರೆ ಗಾಳಿ ಕಡಿಮೆ ಇತ್ತು, ಕಲ್ಲಿಗೂ ರಿಮ್‌ಗೂ ನಡುವೆ ಟ್ಯೂಬು ಅಪ್ಪಚ್ಚಿ ಆಗಿದೆ. ಕಲ್ಲು ದಾರಿಯಲ್ಲಿ ಗಾಳಿ ಇಳಿಸಿ ಅನ್ನುವ ಸಲಹೆಯನ್ನು ಟ್ಯೂಬ್ ಟೈರಿನವರು ಅರ್ಧ ಮಾತ್ರ ಕೇಳಬೇಕು. ಇಲ್ಲಿನ ಪೆಟ್ರೋಲ್ ಬಂಕ್‌ಗಳಲ್ಲಿ ಗೇಜು ಬಾರ್‌ನಲ್ಲಿರುತ್ತದೆ. 1 ಬಾರ್ ಅಂದರೆ ಸುಮಾರು 14.5 ಪಿಎಸ್‌ಐ.

ಜಾಗ ಇಲ್ಲ ಅಂದರೆ ಮುಂದಿನ 21 ಇಂಚಿನ ಟ್ಯೂಬ್ ಒಂದನ್ನೇ ಒಯ್ಯಿರಿ. ಹಿಂದಿನ ಚಕ್ರಕ್ಕೂ ಹೇಗೋ ತುರುಕಿ ನಿಧಾನವಾಗಿ ಹತ್ತಿರದ ಊರು ಮುಟ್ಟಬಹುದು. ಉಲ್ಟಾ ಮಾಡಲು ಆಗಲ್ಲ.

ಪ್ರಶ್ನೆ: ಗೆಳೆಯ ಬೆಂಗಳೂರಿನಿಂದ ಒಳ್ಳೆ ಸೌಂಡಿನ ಸೈಲೆನ್ಸರ್ ತರ್ತಾನೆ. ಹಾಕಿಸಬಹುದಾ?

ಉತ್ತರ: ಹಾಕಬೇಡಿ. ಇಲ್ಲಿ ಸೈಲೆನ್ಸರ್‌ಗೆ ಆ ಬೈಕಿಗೆ ಅಂತಲೇ ಮಂಜೂರಾತಿ ಇರಬೇಕು. ಇಲ್ಲದಿದ್ದರೆ ಬೈಕಿನ ರಸ್ತೆ ಅನುಮತಿಯೇ ಬಿದ್ದುಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಟ್ಯೂಫ್ ತಪಾಸಣೆಯಲ್ಲಿ ಪಾಸಾಗಲ್ಲ, ಅಪಘಾತ ಆದರೆ ಇನ್ಶೂರೆನ್ಸ್‌ನವರ ಜೊತೆ ಜಗಳ. ಸೌಂಡಿನ ಆಸೆ ಇರುವವರು ಇನ್ನೊಂದು ತಿಳಿದಿರಲಿ. ಆಸ್ಟ್ರಿಯಾದ ಟಿರೋಲ್‌ನಲ್ಲಿ, ರಾಯ್ಟೆ ಸುತ್ತಮುತ್ತಲಿನ ಕೆಲವು ರಸ್ತೆಗಳಲ್ಲಿ, 95 ಡೆಸಿಬಲ್ ದಾಟುವ ಬೈಕುಗಳನ್ನು 2020ರಿಂದ ಬೇಸಿಗೆಯಲ್ಲಿ ಬಿಡುತ್ತಿಲ್ಲ. ನಿಮ್ಮ ಬೈಕಿನ ಲೆಕ್ಕ ಆರ್‌ಸಿಯ 'ಯು.1' ಕಾಲಮ್ಮಿನಲ್ಲಿದೆ. ಅಂದಹಾಗೆ ಆಸ್ಟ್ರಿಯಾದಲ್ಲಿ ಬೈಕಿನವರಿಗೂ ಫಸ್ಟ್ ಏಡ್ ಕಿಟ್ ಕಡ್ಡಾಯ.

ಪ್ರಶ್ನೆ: ಜರ್ಮನಿಯ ಕಾಡಿನ ದಾರಿಗಳಲ್ಲಿ ಬೈಕ್ ಓಡಿಸಬಹುದಾ? ಸಕಲೇಶಪುರದಲ್ಲಿ ಮಾಡ್ತಿದ್ದ ಹಾಗೆ ಸುಮ್ನೆ ನುಗ್ಗೋಕೆ ಭಯ.

ಉತ್ತರ: ಭಯ ಇರುವುದು ಒಳ್ಳೇದು. ಕಾಡಿನ ದಾರಿಯಲ್ಲಿ ಇಲ್ಲಿ ಮೋಟಾರು ಗಾಡಿಗೆ ಅನುಮತಿ ಇಲ್ಲ. ಕೆಂಪು ಅಂಚಿನ ಬಿಳಿ ಬೋರ್ಡಿನಲ್ಲಿ ಕಾರು, ಬೈಕಿನ ಚಿತ್ರ ಇದ್ದರೆ ಅಲ್ಲಿಂದಲೇ ವಾಪಸ್. ಸಕಲೇಶಪುರದಲ್ಲೂ ತೋಟದವರನ್ನು ಕೇಳಿ ಹೋಗಬೇಕಿತ್ತು, ಇರಲಿ. ಕಾನೂನಿನೊಳಗೆ ಕಲಿಯಬೇಕು ಅಂದರೆ ಬವೇರಿಯಾದ ಹೆಖ್ಲಿಂಗನ್‌ನಲ್ಲಿ ಹಳೇ ಕಲ್ಲುಕ್ವಾರಿಯಲ್ಲಿ ಮಣ್ಣು-ಕಲ್ಲಿನ ದಾರಿಯ ಸವಾರಿಗೆ ಅಂತಲೇ ಎಂಡ್ಯೂರೋ ಪಾರ್ಕ್ ಇದೆ, ಟ್ರೇನಿಂಗ್ ಕೊಡುತ್ತಾರೆ, ಬೈಕೂ ಅವರದೇ. ಬೀಳುವುದಿದ್ದರೆ ಅವರ ಬೈಕಿನಲ್ಲೇ ಬೀಳಿ. ಆಮೇಲೆ ಟ್ರಾನ್ಸ್ ಯೂರೋ ಟ್ರೇಲ್ ನೋಡಿ. ಸ್ವಯಂಸೇವಕರು ದೇಶದೇಶಗಳ ಮಣ್ಣು ದಾರಿ ಜೋಡಿಸಿ ಮಾಡಿದ ನಕ್ಷೆ, ಪುಕ್ಕಟೆ ಸಿಗುತ್ತದೆ. ಜರ್ಮನಿಯ ಭಾಗ ಬಹುಪಾಲು ಸಣ್ಣ ಹಳ್ಳಿ ರಸ್ತೆ, ನಿಜವಾದ ಮಣ್ಣು ಬೇಕಾದರೆ ದಕ್ಷಿಣಕ್ಕೋ ಪೂರ್ವಕ್ಕೋ ಇಳಿಯಬೇಕು. ಇಟಲಿಯ 2757 ಮೀಟರಿನ ಸ್ಟೆಲ್ವಿಯೋ ಘಾಟಿ, ಅದರ 48 ತಿರುವು, ಎಲ್ಲರೂ ಫೋಟೋ ಹಾಕುತ್ತಾರೆ. ಭಾನುವಾರ ಹೋದರೆ ಸಿಲ್ಕ್ ಬೋರ್ಡ್ ನೆನಪಾಗುತ್ತದೆ. ವಾರದ ಮಧ್ಯೆ ಬೆಳಗ್ಗೆ ಬೇಗ ಹೋಗಿ.

ಪ್ರಶ್ನೆ: ಚಳಿಗಾಲದಲ್ಲಿ ಬೈಕನ್ನು ಏನು ಮಾಡೋದು? ಮೊದಲನೇ ವರ್ಷ ನನಗೆ.

ಉತ್ತರ: ನಿಲ್ಲಿಸಿಬಿಡಿ. ಚಳಿಗಿಂತ ರಸ್ತೆಗೆ ಹಾಕುವ ಉಪ್ಪು ಬೈಕಿನ ಶತ್ರು. ಸ್ಪೋಕು, ಚೈನು, ಬೋಲ್ಟು ಎಲ್ಲ ತಿಂದುಹಾಕುತ್ತದೆ. ವರ್ಷದ ಕೆಲವು ತಿಂಗಳಿಗಷ್ಟೇ ಸಿಂಧುವಾಗುವ ಸೀಸನ್ ನಂಬರ್ ಪ್ಲೇಟ್ ತಗೊಂಡರೆ ಟ್ಯಾಕ್ಸು, ಇನ್ಶೂರೆನ್ಸು ಆ ತಿಂಗಳುಗಳಿಗೆ ಮಾತ್ರ. ಆದರೆ ಉಳಿದ ತಿಂಗಳು ಬೈಕನ್ನು ಸಾರ್ವಜನಿಕ ರಸ್ತೆಯಲ್ಲಿ ನಿಲ್ಲಿಸುವ ಹಾಗೂ ಇಲ್ಲ, ಖಾಸಗಿ ಜಾಗ ಮೊದಲು ನೋಡಿಕೊಳ್ಳಿ.

ನಿಲ್ಲಿಸುವ ಮುಂಚೆ ಆಯಿಲ್ ಬದಲಾಯಿಸಿ, ಹಳೇ ಆಯಿಲ್‌ನ ಆಮ್ಲ ನಾಲ್ಕು ತಿಂಗಳು ಎಂಜಿನ್ನಿನೊಳಗೆ ಕೂರುವುದು ಬೇಡ. ಕಬ್ಬಿಣದ ಟ್ಯಾಂಕಾದರೆ ಪೆಟ್ರೋಲ್ ಪೂರ್ತಿ ತುಂಬಿಸಿ, ಖಾಲಿ ಜಾಗ ಇದ್ದರೆ ಅಲ್ಲಿ ನೀರಾಡಿ ತುಕ್ಕು ಹಿಡಿಯುತ್ತದೆ. ಬ್ಯಾಟರಿ ಬಿಚ್ಚಿ ಮನೆಯೊಳಗೆ ಇಟ್ಟುಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡುವ ಅಭ್ಯಾಸ ಬಿಡಿ. ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗೆ ನೀರು ಸೇರುತ್ತದೆ, ಒಳ್ಳೇದಕ್ಕಿಂತ ಕೆಟ್ಟದ್ದೇ ಜಾಸ್ತಿ. ಮಾರ್ಚ್‌ನಲ್ಲಿ ಹೊರಗೆ ತೆಗೆದಾಗ ಮೊದಲು ಗಾಳಿ, ಆಮೇಲೆ ಬ್ರೇಕ್ ಹಿಡಿದು ತಳ್ಳಿ ನೋಡಿ, ಆಮೇಲೆ ಸ್ಪೋಕುಗಳನ್ನು ಸ್ಪ್ಯಾನರ್‌ನಿಂದ ಒಂದೊಂದಾಗಿ ತಟ್ಟಿ. ಟಿಂಗ್ ಅಂದರೆ ಸರಿ, ಡಬ್ ಅಂದರೆ ಸಡಿಲ. ಮೊದಲ ಮಳೆ ಬಂದು ಉಪ್ಪು ತೊಳೆದು ಹೋಗುವವರೆಗೆ ರಸ್ತೆಗೆ ಇಳಿಸಬೇಡಿ.