ಸರ್ಕಾರಿ ಖರೀದಿಯಲ್ಲಿ ಮಹಿಳೆಯರಿಗೆ 3% ಇದೆ ಅಂತಾರೆ, ಹಾಗಾದರೆ ನನ್ನ ಟೆಂಡರ್ ಯಾಕೆ ಕೈತಪ್ಪಿತು?

ಆ 3% ಪ್ರತಿ ಟೆಂಡರ್‌ಗೆ ಅಲ್ಲ, ಅದಕ್ಕೇ. ಕೇಂದ್ರ ಸರ್ಕಾರದ ಇಲಾಖೆಗಳು, ಅದರ ಕಂಪನಿಗಳು ವರ್ಷಕ್ಕೆ ಕೊಳ್ಳುವ ಸರಕು-ಸೇವೆಯಲ್ಲಿ 25% ಸಣ್ಣ ಉದ್ಯಮಗಳಿಂದ, ಅದರೊಳಗೆ 3% ಮಹಿಳೆಯರ ಉದ್ಯಮಗಳಿಂದ ಬರಬೇಕು ಅನ್ನೋದು ಕೇಂದ್ರದ ಖರೀದಿ ನೀತಿಗೆ ಆದ 2018ರ ತಿದ್ದುಪಡಿ. ಅದು ಇಲಾಖೆಯ ವರ್ಷದ ಗುರಿ, ನಿಮ್ಮ ಹೆಸರಿಗೆ ಎತ್ತಿಟ್ಟ ಪಾಲಲ್ಲ.

ಒಂದೊಂದು ಟೆಂಡರ್‌ನಲ್ಲಿ ನಿಜಕ್ಕೂ ಕೆಲಸಕ್ಕೆ ಬರೋದು ಬೇರೆ ನಿಯಮ. ಸಮವಸ್ತ್ರದ ಟೆಂಡರ್ ಅಂದ್ಕೊಳ್ಳಿ. ದೊಡ್ಡ ಕಂಪನಿಯೊಂದು ಅಂಗಿಗೆ 400 ರೂಪಾಯಿ ಹಾಕಿದೆ, ಅದೇ ಎಲ್ಲರಿಗಿಂತ ಕಡಿಮೆ. ನೀವು 450 ಹಾಕಿದ್ದೀರಿ. ನಿಮ್ಮ ದರ 15%ರೊಳಗೆ, ಅಂದ್ರೆ 460ರೊಳಗೆ ಇರೋದ್ರಿಂದ, 400ಕ್ಕೆ ಇಳಿಯೋಕೆ ಒಪ್ಪಿದರೆ ಆರ್ಡರ್‌ನಲ್ಲಿ ಪಾಲು ಸಿಗುತ್ತೆ. ಈ ಅವಕಾಶ ಸಣ್ಣ ಉದ್ಯಮದ ಗಂಡಸರಿಗೂ ಇದೆ. 465 ಹಾಕಿದ್ರೆ ಮುಗೀತು.

ಉದ್ಯಮ್ ನೋಂದಣಿ, ಅಂದ್ರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ, ಬೇಕೇ ಬೇಕು. ಪಾಲುದಾರಿಕೆ ಆದ್ರೆ ಮಹಿಳೆಯರ ಪಾಲು ಕನಿಷ್ಠ 51% ಇರಬೇಕು. ಗಂಡನ ಅಂಗಡಿಗೆ ಸುಮ್ನೆ ಹೆಂಡತಿಯ ಹೆಸರಿನ ಬೋರ್ಡ್ ಹಾಕಿದ್ರೆ ನಡೆಯಲ್ಲ. ಇನ್ನೊಂದು, ರಸ್ತೆ, ಕಟ್ಟಡದ ಕಾಮಗಾರಿಗೆ ಈ ನೀತಿ ಅನ್ವಯಿಸೋದೇ ಇಲ್ಲ. ಇಲ್ಲಿ ಎಡವಬೇಡಿ.